ಕಡುಚಳಿಯಲ್ಲಿ ಟರ್ಬೊ ಕಾರು: ಚಿಕ್ಕಬಳ್ಳಾಪುರದಿಂದ ಲಡಾಖ್‌ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ನಮ್ಮ ಗ್ಯಾರೇಜಿಗೆ ಎರಡು ಥರದ ಜನ ಬರುತ್ತಾರೆ. ಒಂದು, ಇಲ್ಲಿನ ಬೆಳಗಿನ ಚಳಿಯಲ್ಲೇ ಗಾಡಿ ತೆಗೆಯುವವರು. ನಸುಕಿಗೆ ಮುಂಚೆ ಹೂವು ತುಂಬಿಕೊಂಡು ಹೊರಡುವ ರೈತರು, ಶಿಡ್ಲಘಟ್ಟಕ್ಕೆ ರೇಷ್ಮೆ ಗೂಡು ಒಯ್ಯುವವರು, ನಂದಿಬೆಟ್ಟದಲ್ಲಿ ಸೂರ್ಯ ಹುಟ್ಟುವುದನ್ನು ನೋಡಲು ಹೋಗುವವರು. ಇನ್ನೊಂದು, ಕಾಶ್ಮೀರ, ಲಡಾಖ್, ಹಿಮಾಚಲದ ಸ್ಪಿತಿ ಅಂತ ದೂರ ಹೊರಟವರು. ನಮ್ಮೂರ ಪಕ್ಕದಲ್ಲೇ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಉತ್ತರಕ್ಕೆ ನೆಟ್ಟಗೆ ಹೋದರೆ ಶ್ರೀನಗರ ಸಿಗುತ್ತದೆ. ಹಾಗಾಗಿ ಹೋಗುವ ಆಸೆ ಇಲ್ಲಿ ಯಾರಿಗೆ ಬೇಕಾದರೂ ಬರಬಹುದು.

ಇಬ್ಬರ ಬಾಯಲ್ಲೂ ಒಂದೇ ಮಾತು: "ಅಣ್ಣಾ, ಟರ್ಬೊ ಹೋಗಿದೆ ಅಂತ ಕಾಣುತ್ತೆ." ಬಹಳ ಸಲ ಟರ್ಬೊ ಚೆನ್ನಾಗೇ ಇರುತ್ತದೆ. ತೊಂದರೆ ಬ್ಯಾಟರಿಯಲ್ಲೋ ಆಯಿಲ್‌ನಲ್ಲೋ ಡೀಸೆಲ್‌ನಲ್ಲೋ ಒಂದು ರಬ್ಬರ್ ಪೈಪಿನಲ್ಲೋ ಇರುತ್ತದೆ. ಹೊಸ ಟರ್ಬೊ ಅಂದರೆ ಹತ್ತಾರು ಸಾವಿರ ರೂಪಾಯಿ. ಅಷ್ಟು ದುಡ್ಡು ಸುರಿಯುವ ಮುಂಚೆ ಏನೇನು ನೋಡಬೇಕು ಅಂತ ಇಲ್ಲಿ ಬರೆದಿದ್ದೇವೆ.

ಚಳಿಯಲ್ಲಿ ಟರ್ಬೊಗೆ ನಿಜವಾಗಿ ಏನಾಗುತ್ತದೆ?

ಟರ್ಬೊ ಕೆಲಸ ಇಷ್ಟೇ. ಸೈಲೆನ್ಸರ್ ಕಡೆ ಹೋಗುವ ಬಿಸಿ ಗಾಳಿ ಒಂದು ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಆ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಬಾಲ್ ಬೇರಿಂಗ್ ಇರುವುದಿಲ್ಲ. ತೆಳ್ಳಗಿನ ಆಯಿಲ್ ಪದರದ ಮೇಲೆ ಶಾಫ್ಟ್ ತೇಲುತ್ತಾ ತಿರುಗುತ್ತದೆ.

ಚಳಿಯಲ್ಲಿ ಆಯಿಲ್ ಗಟ್ಟಿಯಾಗುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಅದು ಪಂಪಿನಿಂದ ಹೊರಟು, ಫಿಲ್ಟರ್ ದಾಟಿ, ಸಣ್ಣ ಪೈಪಿನಲ್ಲಿ ಟರ್ಬೊ ತನಕ ಹೋಗಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲೇ ನೀವು ಆಕ್ಸಿಲರೇಟರ್ ಒತ್ತಿದರೆ ಶಾಫ್ಟ್ ಸರಿಯಾದ ಆಯಿಲ್ ಇಲ್ಲದೆ ಜೋರಾಗಿ ತಿರುಗುತ್ತದೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ಪ್ರತಿದಿನ ಹೀಗೆ ಮಾಡಿದರೆ ಬೇರಿಂಗ್ ಸವೆಯುತ್ತದೆ. ಚಳಿ ತಾನಾಗಿ ಟರ್ಬೊ ಕೆಡಿಸುವುದು ಕಡಿಮೆ. ಚಳಿಯಲ್ಲಿ ನಾವು ತೋರಿಸುವ ಆತುರವೇ ಅದನ್ನು ಕೆಡಿಸುವುದು ಜಾಸ್ತಿ.

ಚಿಕ್ಕಬಳ್ಳಾಪುರದ ಚಳಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ?

ಇಲ್ಲಿನ ಚಳಿ ಎಂಜಿನ್ ಲೆಕ್ಕದಲ್ಲಿ ಕಡುಚಳಿ ಅಲ್ಲ. ಜನವರಿ ಬೆಳಿಗ್ಗೆ 10-12 ಡಿಗ್ರಿ ಇದ್ದರೆ ಡೀಸೆಲ್ ಗಟ್ಟಿಯಾಗುವುದಿಲ್ಲ, ಕೂಲೆಂಟ್ ಹೆಪ್ಪುಗಟ್ಟುವುದಿಲ್ಲ. ಆದರೆ ಹಳೇ ಬ್ಯಾಟರಿ, ಸುಟ್ಟುಹೋದ ಹೀಟರ್ ಪ್ಲಗ್ (ಡೀಸೆಲ್ ಎಂಜಿನ್ ಹತ್ತುವ ಮುಂಚೆ ಸಿಲಿಂಡರ್ ಬಿಸಿ ಮಾಡುವ ಪ್ಲಗ್), ಸೀಳು ಬಿಟ್ಟ ಹೋಸ್ ಪೈಪು, ಇವೆಲ್ಲ ಬೇಸಿಗೆಯಲ್ಲಿ ಗೊತ್ತಾಗದೆ ಈ ಚಳಿಯಲ್ಲಿ ಬಾಯಿ ಬಿಡುತ್ತವೆ. ಆ ಮಟ್ಟಿಗೆ ನಮ್ಮ ಚಳಿಯಿಂದ ಉಪಕಾರವೇ ಆಗುತ್ತದೆ. ಡಿಸೆಂಬರ್‌ನಲ್ಲಿ ಇಲ್ಲೇ ತಡವರಿಸುವ ಗಾಡಿ ಲೇಹ್‌ನ ರಾತ್ರಿಗೆ ಖಂಡಿತ ಕೈಕೊಡುತ್ತದೆ.

ನಂದಿಬೆಟ್ಟಕ್ಕೆ ಹೋಗುವವರಿಗೆ ಒಂದು ಮಾತು. ಬೆಟ್ಟದ ಬುಡದ ಹಳ್ಳಿಗಳಲ್ಲಿ ಮನೆ ಇದ್ದರೆ ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೇ ತಿರುವು ಶುರುವಾಗುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಹತ್ತಬೇಡಿ. ಸ್ವಲ್ಪ ಬೇಗ ಹೊರಡಿ, ಮೊದಲು ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ಬಿಸಿ ಮಾಡಿಕೊಳ್ಳಿ.

ಬೆಳಿಗ್ಗೆ ಎಷ್ಟು ಹೊತ್ತು ಸ್ಟಾರ್ಟ್‌ನಲ್ಲಿ ಬಿಡಬೇಕು?

ನಮ್ಮೂರಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಮೈನಸ್ 10, 15 ಡಿಗ್ರಿ ಇರುವ ಕಡೆ ಮೂರರಿಂದ ಐದು ನಿಮಿಷ. ಆಮೇಲೆ ಹೊರಡಿ, ಆದರೆ ಮೆಲ್ಲಗೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುವ ತನಕ ಡೀಸೆಲ್ ಗಾಡಿಯನ್ನು 2,000 ಆರ್‌ಪಿಎಂ ಒಳಗೆ, ಪೆಟ್ರೋಲ್ ಗಾಡಿಯನ್ನು 2,500 ಒಳಗೆ ಇಡಿ. ಮುಳ್ಳು ತೋರಿಸುವುದು ಕೂಲೆಂಟ್ ಬಿಸಿಯನ್ನು. ಆಯಿಲ್ ಅದಕ್ಕಿಂತ ನಿಧಾನವಾಗಿ ಬಿಸಿಯಾಗುತ್ತದೆ. ಹಾಗಾಗಿ ಮುಳ್ಳು ಮೇಲೆ ಬಂದ ಮೇಲೂ ಇನ್ನೊಂದೈದು ನಿಮಿಷ ತಾಳ್ಮೆ ಇರಲಿ.

ಅರ್ಧ ಗಂಟೆ ಸುಮ್ನೆ ನಿಂತಲ್ಲೇ ಓಡಿಸುವುದು ಬೇಡ. ನಿಂತಲ್ಲೇ ಓಡುವ ಎಂಜಿನ್, ಅದರಲ್ಲೂ ಡೀಸೆಲ್, ಸರಿಯಾಗಿ ಬಿಸಿಯಾಗುವುದೇ ಇಲ್ಲ. ಮಸಿ ಕಟ್ಟುತ್ತದೆ, ಉರಿಯದ ಇಂಧನ ಆಯಿಲ್‌ಗೆ ಇಳಿಯುತ್ತದೆ. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಒಳಗೆ ಸ್ಟಾರ್ಟ್ ಮಾಡಲೇಬೇಡಿ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ.

ಕೀ ತಿರುಗಿಸಿದರೆ 'ಟಕ್ ಟಕ್' ಅನ್ನುತ್ತದೆ, ಸೆಲ್ಫ್ ಎಳೆಯುವುದಿಲ್ಲ. ಏನು ಕಾರಣ?

ಬ್ಯಾಟರಿ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕೆಲಸ ನಿಧಾನವಾಗುತ್ತದೆ. ಶೂನ್ಯ ಡಿಗ್ರಿಯಲ್ಲಿ ಅದರ ಶಕ್ತಿಯ ಐದನೇ ಒಂದು ಭಾಗ ಹೋಗಿರುತ್ತದೆ. ಮೈನಸ್ 18ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಮಾತ್ರ ಉಳಿದಿರುತ್ತದೆ. ಅದೇ ಸಮಯಕ್ಕೆ ಗಟ್ಟಿಯಾದ ಆಯಿಲ್‌ನಿಂದಾಗಿ ಎಂಜಿನ್ ತಿರುಗಿಸಲು ಎಂದಿಗಿಂತ ಜಾಸ್ತಿ ಶಕ್ತಿ ಬೇಕು.

ರಾತ್ರಿ ಪೂರ್ತಿ ನಿಂತ ಗಾಡಿಯ ಬ್ಯಾಟರಿಗೆ ಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಇದ್ದರೆ ಅರ್ಧ ಇಳಿದಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅದನ್ನು ನಂಬಿಕೊಂಡು ಬೆಟ್ಟಗಳ ಕಡೆ ಹೋಗಬೇಡಿ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಪೂರ್ತಿ ಇಳಿದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಬಹುದು. ತುಂಬಿದ ಬ್ಯಾಟರಿಗೆ ಆ ಭಯ ಇಲ್ಲ. ಡಬ್ಬ ಉಬ್ಬಿದ್ದರೆ ಅದಕ್ಕೆ ಜಂಪ್ ಕೇಬಲ್ ಹಾಕಬೇಡಿ, ಸಿಡಿಯುತ್ತದೆ. ಸರಿಯಾಗಿರುವ ಬ್ಯಾಟರಿಗೆ ಜಂಪ್ ಕೊಡುವಾಗಲೂ ಕೊನೆಯ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಬರೀ ಕಬ್ಬಿಣಕ್ಕೆ ಹಾಕಿ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಡೀಸೆಲ್ ಎಂಜಿನ್ ಹತ್ತುವುದಿಲ್ಲ.

ಮೊದಲು ಹೀಟರ್ ಪ್ಲಗ್ ನೋಡಿ. ಕೀ ಆನ್ ಮಾಡಿದಾಗ ಸುರುಳಿ ಆಕಾರದ ಹಳದಿ ಲೈಟ್ ಬರುತ್ತಲ್ಲ, ಅದು ಆರುವ ತನಕ ಕಾಯಬೇಕು. ಆತುರದವರು ಕಾಯುವುದಿಲ್ಲ. ಮೈನಸ್ ಡಿಗ್ರಿಯಲ್ಲಿ ಲೈಟ್ ಆರಿದ ಮೇಲೆ ಕೀ ಆಫ್ ಮಾಡಿ, ಇನ್ನೊಮ್ಮೆ ಆನ್ ಮಾಡಿ, ಎರಡನೇ ಸಲ ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10 ಸೆಕೆಂಡ್ ಮೀರಬೇಡಿ. ನಡುವೆ ಅರ್ಧ ನಿಮಿಷ ಬಿಡಿ, ಇಲ್ಲವಾದರೆ ಸೆಲ್ಫ್ ಮೋಟಾರೇ ಸುಡುತ್ತದೆ.

ಕಷ್ಟಪಟ್ಟು ಹತ್ತಿದ ಮೇಲೆ ಒಂದೆರಡು ನಿಮಿಷ ನಡುಗುತ್ತಾ, ಕಣ್ಣುರಿಯುವ ಬಿಳಿ ಹೊಗೆ ಬಿಟ್ಟು, ಆಮೇಲೆ ಸರಿಯಾದರೆ ಒಂದೋ ಎರಡೋ ಪ್ಲಗ್ ಸತ್ತಿದೆ ಅಂತ ಅರ್ಥ. ಇದಕ್ಕೂ ಟರ್ಬೊಗೂ ಸಂಬಂಧವೇ ಇಲ್ಲ. ಪ್ಲಗ್ ಬಿಚ್ಚುವಾಗ ಎಂಜಿನ್ ಬೆಚ್ಚಗಿರಲಿ, ತಣ್ಣಗಿದ್ದಾಗ ಜೋರು ಮಾಡಿದರೆ ಹೆಡ್ಡಿನೊಳಗೇ ಮುರಿಯುತ್ತದೆ. ಪ್ಲಗ್ ಎಲ್ಲ ಸರಿ ಇದ್ದೂ ಹತ್ತುತ್ತಿಲ್ಲ ಅಂದರೆ ಡೀಸೆಲ್ ಮೇಲೆ ಬರುತ್ತಿದೆಯಾ ಅಂತ ನೋಡಬೇಕು.

ಡೀಸೆಲ್ ಗಟ್ಟಿಯಾಗುತ್ತದೆ ಅನ್ನುತ್ತಾರೆ, ನಿಜವಾ?

ನಿಜ. ಚಳಿಗಾಲದಲ್ಲಿ ಬಾಟಲಿಯೊಳಗಿನ ಕೊಬ್ಬರಿ ಎಣ್ಣೆ ಹೇಗೆ ಮೊದಲು ಮಸುಕಾಗಿ ಆಮೇಲೆ ಗಡ್ಡೆ ಕಟ್ಟುತ್ತದೋ, ಡೀಸೆಲ್ ಕೂಡ ಹಾಗೇ. ಅದರಲ್ಲಿ ಮೇಣದ ಅಂಶ ಇರುತ್ತದೆ. ಚಳಿ ಏರಿದಂತೆ ಆ ಮೇಣ ಸಣ್ಣ ಹರಳಾಗುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ನೀರಿನಂತೆ ಕಂಡರೂ ಹರಳುಗಳು ಫಿಲ್ಟರ್ ಕಾಗದದ ಮೇಲೆ ಕೂತು ದಾರಿ ಮುಚ್ಚುತ್ತವೆ.

ಲಕ್ಷಣ ಹೇಗಿರುತ್ತದೆ ಅಂದರೆ, ಬೆಳಿಗ್ಗೆ ಗಾಡಿ ಹತ್ತುತ್ತದೆ, ಯಾಕೆಂದರೆ ಫಿಲ್ಟರ್‌ನಿಂದ ಆಚೆ ಸ್ವಲ್ಪ ಡೀಸೆಲ್ ಉಳಿದಿರುತ್ತದೆ. ಒಂದೆರಡು ಕಿಲೋಮೀಟರ್ ಹೋದ ಮೇಲೆ ಪಿಕಪ್ ಬೀಳುತ್ತದೆ, ಎಷ್ಟು ಒತ್ತಿದರೂ ಎಳೆಯುವುದಿಲ್ಲ, ಆಮೇಲೆ ಆಫ್ ಆಗುತ್ತದೆ. ಜನ ಇದನ್ನೇ ಟರ್ಬೊ ಫೇಲ್ ಅಂತ ಅಂದುಕೊಳ್ಳುವುದು. ಟರ್ಬೊ ಹೋದರೆ ಶಕ್ತಿ ಕಡಿಮೆಯಾದರೂ ಎಂಜಿನ್ ಸಾಮಾನ್ಯವಾಗಿ ಓಡುತ್ತಿರುತ್ತದೆ. ಡೀಸೆಲ್ ನಿಂತರೆ ಎಂಜಿನ್ನೇ ನಿಲ್ಲುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ದಕ್ಷಿಣದ ಬಂಕುಗಳಲ್ಲಿ ಹಾಕಿಸಿದ ಡೀಸೆಲ್ ಮೈನಸ್ 15 ಡಿಗ್ರಿಗೆ ಅಂತ ಮಾಡಿದ್ದಲ್ಲ. ಲಡಾಖ್‌ಗಾಗಿ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಚಳಿಗಾಲದ ವಿಶೇಷ ಡೀಸೆಲ್ ತಂದಿತು. ಅದು ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ. ಪಾಣಿಪತ್ ರಿಫೈನರಿಯಲ್ಲಿ ತಯಾರಾಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ಅತ್ತ ಹೋಗುವವರಿಗೆ ನಮ್ಮ ಸಲಹೆ ಇದು: ಕೆಳಗಿನ ಊರಿನ ಡೀಸೆಲ್ ತುಂಬಿಕೊಂಡು ಮೇಲೆ ಹೋಗಬೇಡಿ. ತಲುಪಲು ಬೇಕಾದಷ್ಟು ಮತ್ತು ಸ್ವಲ್ಪ ಹೆಚ್ಚುವರಿ ಇಟ್ಟುಕೊಂಡು, ಅಲ್ಲಿನ ಬಂಕಿನಲ್ಲಿ ಚಳಿಗಾಲದ ಡೀಸೆಲ್ ಇದೆಯಾ ಅಂತ ಕೇಳಿ ಟ್ಯಾಂಕ್ ತುಂಬಿಸಿ. ಹಾಕಿಸಿದ ತಕ್ಷಣ ನಿಲ್ಲಿಸಬೇಡಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿದರೆ ಹೊಸ ಡೀಸೆಲ್ ಪೈಪು, ಫಿಲ್ಟರ್ ಎಲ್ಲ ಕಡೆ ತುಂಬುತ್ತದೆ.

ಆಗಲೇ ಗಟ್ಟಿಯಾಗಿ ನಿಂತಿದ್ದರೆ ಬಿಸಿಲು ಬರುವ ತನಕ ಕಾಯುವುದೇ ಮೊದಲ ಔಷಧಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಫಿಲ್ಟರ್ ಸುತ್ತ ಸುತ್ತಬಹುದು. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದನ್ನು ಕೆಲವು ಕಡೆ ಲಾರಿಯವರು ಮಾಡುತ್ತಾರೆ. ಇವತ್ತಿನ ಕಾರುಗಳಲ್ಲಿ ಟ್ಯಾಂಕ್ ಪ್ಲಾಸ್ಟಿಕ್ಕಿನದು. ದಯವಿಟ್ಟು ಆ ಸಾಹಸ ಬೇಡ.

ಹೊರಡುವ ಮುಂಚೆ ಇಲ್ಲೇ ಡೀಸೆಲ್ ಫಿಲ್ಟರ್ ಬದಲಾಯಿಸಿ, ಕೆಳಗಿನ ನೀರು ಬಿಡುವ ಸ್ಕ್ರೂ ಬಿಚ್ಚಿ ನೀರು ತೆಗೆಸಿ. ಅಲ್ಲಿ ಆ ನೀರೂ ಮಂಜುಗಡ್ಡೆಯಾಗುತ್ತದೆ.

ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಆಗುತ್ತದಾ?

ಹಳೇ ಕಾಲದ ಲಾರಿ ಪಂಪುಗಳು ತಡೆದುಕೊಳ್ಳುತ್ತಿದ್ದವು. ಡೀಸೆಲನ್ನು ಭಾರೀ ಒತ್ತಡದಲ್ಲಿ ತಳ್ಳುವ ಇವತ್ತಿನ ಕಾಮನ್ ರೈಲ್ ಪಂಪು ಮತ್ತು ಅದನ್ನು ಎಂಜಿನ್‌ಗೆ ಚಿಮ್ಮಿಸುವ ಇಂಜೆಕ್ಟರ್‌ಗೆ ಡೀಸೆಲ್ಲೇ ಜಾರುಎಣ್ಣೆ. ಸೀಮೆಎಣ್ಣೆಗೆ ಆ ಜಾರುವ ಗುಣ ಕಡಿಮೆ. ಪಂಪು ಸವೆದು ಕಬ್ಬಿಣದ ಪುಡಿ ಇಂಜೆಕ್ಟರ್‌ಗೆ ಹೋದರೆ ಖರ್ಚು ಟರ್ಬೊಗಿಂತ ಜಾಸ್ತಿ ಬರುತ್ತದೆ. ಬೇಡ. ಪೆಟ್ರೋಲ್ ಬೆರೆಸುವುದಂತೂ ಬೇಡವೇ ಬೇಡ.

ಯಾವ ಆಯಿಲ್ ಹಾಕಿಸಬೇಕು?

ಡಬ್ಬದ ಮೇಲೆ 5ಡಬ್ಲ್ಯು-30 ಅಂತ ಇದ್ದರೆ 'ಡಬ್ಲ್ಯು' ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. ಎಂಜಿನ್ ತಿರುಗಿಸುವ ಪರೀಕ್ಷೆಯನ್ನು 15ಡಬ್ಲ್ಯು ಆಯಿಲ್‌ಗೆ ಮೈನಸ್ 20ರಲ್ಲಿ, 10ಡಬ್ಲ್ಯುಗೆ ಮೈನಸ್ 25ರಲ್ಲಿ, 5ಡಬ್ಲ್ಯುಗೆ ಮೈನಸ್ 30ರಲ್ಲಿ, 0ಡಬ್ಲ್ಯುಗೆ ಮೈನಸ್ 35ರಲ್ಲಿ ಮಾಡುತ್ತಾರೆ. ಅಂದರೆ 15ಡಬ್ಲ್ಯು-40 ಹಾಕಿದ ಪಿಕಪ್ ನಮ್ಮೂರಲ್ಲಿ ಆರಾಮಾಗಿ ಓಡುತ್ತದೆ, ಸ್ಪಿತಿಯ ಕಾಜಾದ ಜನವರಿ ರಾತ್ರಿಯಲ್ಲಿ ಅದು ಅಂಚಿನಲ್ಲಿರುತ್ತದೆ.

ಇಲ್ಲಿ ಅಂಗಡಿಯವರ ಮಾತಿಗಿಂತ ಗಾಡಿಯ ಮ್ಯಾನುಯಲ್ ದೊಡ್ಡದು. ಅದರಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಚಳಿ ಪ್ರದೇಶಕ್ಕೆ ಚಿಕ್ಕ ಅಂಕಿಯದನ್ನು, ಪೂರ್ತಿ ಸಿಂಥೆಟಿಕ್ ಆಗಿರುವುದನ್ನು ಆರಿಸಿ. ಮ್ಯಾನುಯಲ್‌ನಲ್ಲಿ ಇಲ್ಲದ ಗ್ರೇಡ್ ಹಾಕಬೇಡಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು.

ಆಯಿಲ್ ಗೇಜ್ ಎಳೆದು ನೋಡಿದರೆ ಲೆವೆಲ್ ಏರಿದೆ! ಹೇಗೆ ಸಾಧ್ಯ?

ಪೆಟ್ರೋಲ್ ಅಥವಾ ಡೀಸೆಲ್ ಆಯಿಲ್‌ಗೆ ಸೇರಿದೆ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವುದು) ಇರುವ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಇದು ಚಳಿಗಾಲದ ಕಾಯಿಲೆ. ತಣ್ಣಗಿನ ಸಿಲಿಂಡರ್ ಗೋಡೆಗೆ ಪೆಟ್ರೋಲ್ ಅಂಟಿ ಕೆಳಗಿಳಿಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಆವಿಯಾಗಿ ಹೋಗುತ್ತದೆ. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಹೋಗುವುದಿಲ್ಲ, ಸೇರುತ್ತಾ ಸೇರುತ್ತಾ ಲೆವೆಲ್ ಏರುತ್ತದೆ. ಚೀನಾದ ಉತ್ತರ ಭಾಗದ ಚಳಿಯಲ್ಲಿ ಇದೇ ತೊಂದರೆ ಕಾಣಿಸಿ, 2018ರಲ್ಲಿ ಹೋಂಡಾ ಅಲ್ಲಿನ 1.5 ಲೀಟರ್ ಟರ್ಬೊ ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸಬೇಕಾಯಿತು.

ತೆಳುವಾದ ಆಯಿಲ್ ಮೇಲೆ ಟರ್ಬೊ ಶಾಫ್ಟ್ ತೇಲುವುದಿಲ್ಲ, ಉಜ್ಜುತ್ತದೆ. ಗೇಜಿನ ತುದಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದು, ಲೆವೆಲ್ ಮೇಲಿನ ಗೆರೆ ದಾಟಿದ್ದರೆ ಆಯಿಲ್ ಬದಲಾಯಿಸಿ, ಕಿಲೋಮೀಟರ್ ಲೆಕ್ಕ ನೋಡಬೇಡಿ. ವಾರಕ್ಕೊಮ್ಮೆಯಾದರೂ ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ತನಕ ಹೈವೇಯಲ್ಲಿ ಓಡಿಸಿ ಬಂದರೆ ಈ ತೊಂದರೆ ತುಂಬಾ ಕಡಿಮೆಯಾಗುತ್ತದೆ.

ಚಳಿ ಪ್ರದೇಶದಲ್ಲಿ ಓಡಿಸುವಾಗ ಗೇಜ್ ಪೈಪಿನಿಂದ ಆಯಿಲ್ ಹೊರಗೆ ಬಂತು. ಟರ್ಬೊ ಸೀಲ್ ಹೋಯಿತಾ?

ಅಷ್ಟು ಬೇಗ ತೀರ್ಮಾನ ಬೇಡ. ಬ್ರೀದರ್ ಪೈಪು ಹೆಪ್ಪುಗಟ್ಟಿರುವ ಸಾಧ್ಯತೆ ಜಾಸ್ತಿ. ಕಡುಚಳಿಯ ತೊಂದರೆಗಳಲ್ಲಿ ನಮ್ಮ ಕಡೆಯವರಿಗೆ ತೀರಾ ಕಡಿಮೆ ಗೊತ್ತಿರುವುದು ಇದೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಎಂಜಿನ್ ಓಡುವಾಗ ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಕೆಳಗಿನ ಆಯಿಲ್ ಚೇಂಬರ್‌ಗೆ ನುಗ್ಗುತ್ತದೆ. ಅದರಲ್ಲಿ ನೀರಾವಿ ಇರುತ್ತದೆ. ಈ ಗ್ಯಾಸನ್ನು ಬ್ರೀದರ್ ಪೈಪಿನಲ್ಲಿ ಹೊರತೆಗೆದು, ಟರ್ಬೊಗೆ ಮುಂಚೆ ಇರುವ ಗಾಳಿ ಪೈಪಿಗೆ ಸೇರಿಸುತ್ತಾರೆ. ಮೈನಸ್ 20ರ ಗಾಳಿ ರಭಸವಾಗಿ ಬರುವ ಜಾಗದಲ್ಲಿ ಈ ನೀರಾವಿ ಸೇರಿದರೆ ಅಲ್ಲೇ ಮಂಜುಗಡ್ಡೆ ಕಟ್ಟುತ್ತದೆ. ಪೈಪು ಮುಚ್ಚಿಕೊಂಡರೆ ಒಳಗಿನ ಒತ್ತಡಕ್ಕೆ ದಾರಿ ಇಲ್ಲ. ಅದು ಗೇಜ್ ಪೈಪಿನಿಂದಲೋ ಆಯಿಲ್ ಸೀಲಿನಿಂದಲೋ ಟರ್ಬೊ ಮೂಲಕವೋ ಆಯಿಲ್ ಹೊರತಳ್ಳುತ್ತದೆ. ಟರ್ಬೊದಿಂದ ಕೆಳಗಿಳಿಯುವ ಆಯಿಲ್ ತನ್ನ ಭಾರದಿಂದಲೇ ಇಳಿಯಬೇಕು. ಕೆಳಗೆ ಒತ್ತಡ ಇದ್ದರೆ ಅದು ಇಳಿಯದೆ ಸೀಲ್ ದಾಟಿ ಸೈಲೆನ್ಸರ್ ಕಡೆಗೆ ಬರುತ್ತದೆ, ನೀಲಿ ಹೊಗೆ ಕಾಣುತ್ತದೆ. ನೋಡಿದವರು ಟರ್ಬೊ ಹೋಯಿತು ಅನ್ನುತ್ತಾರೆ. ಅಪರೂಪಕ್ಕೆ ಆ ಮಂಜುಗಡ್ಡೆ ಕಳಚಿ ಟರ್ಬೊ ರೆಕ್ಕೆಗೇ ಬಿದ್ದು ರೆಕ್ಕೆ ಮುರಿಯುವುದೂ ಉಂಟು.

ಆಯಿಲ್ ಹಾಕುವ ಮುಚ್ಚಳದ ಒಳಗೆ ತಿಳಿ ಕಂದು ಬಣ್ಣದ ನೊರೆ ಅಂಟಿದ್ದರೆ ಅದು ನೀರು ಸೇರಿದ ಗುರುತು. ಆಗಲೇ ಎಚ್ಚರವಾಗಿ. ಆಯಿಲ್ ಹೊರಬಂದರೆ ಎಂಜಿನ್ ಆಫ್ ಮಾಡಿ, ಗಾಡಿಯನ್ನು ಬಿಸಿಲಿಗೋ ಮುಚ್ಚಿದ ಜಾಗಕ್ಕೋ ತಳ್ಳಿ, ಗಡ್ಡೆ ಕರಗಲು ಬಿಡಿ. ಆಯಿಲ್ ಲೆವೆಲ್ ಸರಿಮಾಡದೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಕೆಲವು ಗಾಡಿಗಳ ಬ್ರೀದರ್‌ಗೆ ಸಣ್ಣ ಕರೆಂಟ್ ಹೀಟರ್ ಇರುತ್ತದೆ. ಅದರ ವೈರ್ ಕಿತ್ತಿದೆಯಾ ನೋಡಿಸಿ.

ಪಿಕಪ್ ಇಲ್ಲ, ಚೆಕ್ ಲೈಟ್ ಹತ್ತಿದೆ. ಎಲ್ಲಿಂದ ಶುರು ಮಾಡಬೇಕು?

ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಿ. ಅಳಿಸುವ ಮುಂಚೆ ಬರೆದುಕೊಳ್ಳುವುದು ಮುಖ್ಯ. ಪಿ0299 ಬಂದರೆ ಗಾಳಿಯ ಒತ್ತಡ ಬೇಕಾದ್ದಕ್ಕಿಂತ ಕಡಿಮೆ ಅಂತ, ಪಿ0234 ಬಂದರೆ ಜಾಸ್ತಿ ಅಂತ. ಗಮನಿಸಿ, ಎರಡೂ ಕೋಡ್ 'ಟರ್ಬೊ ಕೆಟ್ಟಿದೆ' ಅಂತ ಹೇಳುವುದಿಲ್ಲ.

ಒತ್ತಡ ಕಡಿಮೆ ಇದ್ದರೆ ಮೊದಲು ಪೈಪುಗಳನ್ನು ನೋಡಿ. ಟರ್ಬೊದಿಂದ ಇಂಟರ್‌ಕೂಲರ್‌ಗೆ (ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಭಾಗ), ಅಲ್ಲಿಂದ ಎಂಜಿನ್‌ಗೆ ಹೋಗುವ ದಪ್ಪ ಹೋಸ್‌ಗಳು ಚಳಿಯಲ್ಲಿ ಬಿರುಸಾಗುತ್ತವೆ, ಕ್ಲಿಪ್ ಹಿಡಿತ ಸಡಿಲಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ 'ಸುಸ್' ಅನ್ನುವ ಸದ್ದು, ಡೀಸೆಲ್ ಆದರೆ ಜೊತೆಗೆ ಕಪ್ಪು ಹೊಗೆ ಬಂದರೆ ಇಲ್ಲೇ ಸೋರುತ್ತಿದೆ. ಹೋಸ್ ಹೊರಗೆ ಆಯಿಲ್ ಒದ್ದೆ ಇರುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ, ಸೀಳು ಸಿಗುತ್ತದೆ. ಹೋಸ್ ಒಳಗೆ ತೆಳುವಾಗಿ ಆಯಿಲ್ ಹನಿ ಇರುವುದು ಮಾಮೂಲು, ಅದು ಬ್ರೀದರ್‌ನಿಂದ ಬಂದದ್ದು. ಅದನ್ನು ತೋರಿಸಿ ಯಾರಾದರೂ ಟರ್ಬೊ ಬದಲಾಯಿಸಬೇಕು ಅಂದರೆ ಇನ್ನೊಬ್ಬರ ಹತ್ತಿರ ಕೇಳಿ.

ಆಮೇಲೆ ಏರ್ ಫಿಲ್ಟರ್. ಹಿಮ ಬೀಳುವಾಗ ಓಡಿಸಿದರೆ ಹಿಮದ ಪುಡಿ ಒಳಗೆ ಹೋಗಿ ಫಿಲ್ಟರ್ ಕಾಗದ ಒದ್ದೆಯಾಗಿ ಗಟ್ಟಿಯಾಗುತ್ತದೆ. ತೆಗೆದು ಒದರಿ, ಒಣಗಿಸಿ ಹಾಕಿ. ಫಿಲ್ಟರ್ ಇಲ್ಲದೆ ಮಾತ್ರ ಓಡಿಸಬೇಡಿ.

ಮೂರನೆಯದು ಒತ್ತಡ ಹಿಡಿತದಲ್ಲಿಡುವ ಭಾಗ. ಪೆಟ್ರೋಲ್ ಗಾಡಿಯಲ್ಲಿ ಹೆಚ್ಚಾದ ಬಿಸಿ ಗಾಳಿಯನ್ನು ಟರ್ಬೊ ಚಕ್ರಕ್ಕೆ ತಾಗದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟಿನ ಕಡ್ಡಿ, ಡೀಸೆಲ್ ಗಾಡಿಯಲ್ಲಿ ಆ ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ವಿಜಿಟಿ ರೆಕ್ಕೆಗಳು. ತೇವ ಹೆಪ್ಪುಗಟ್ಟಿ ಕಡ್ಡಿ ಸಿಕ್ಕಿಕೊಳ್ಳಬಹುದು. ವ್ಯಾಕ್ಯೂಮ್ ಪೈಪು ಸೀಳಬಹುದು. ಮಸಿ ಕಟ್ಟಿ ರೆಕ್ಕೆ ಅಂಟಿಕೊಳ್ಳಬಹುದು. ಬೆಳಿಗ್ಗೆ ಮಾತ್ರ ತೊಂದರೆ ಬಂದು, ಮಧ್ಯಾಹ್ನ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಪಿಕಪ್ ವಾಪಸ್ ಬರುತ್ತದಾ? ಹಾಗಾದರೆ ಮಂಜಿನ ಕೆಲಸ. ದಿನವಿಡೀ ಹಾಗೇ ಇದ್ದರೆ ಮಸಿ ಅಥವಾ ತುಕ್ಕು. ಬಿಚ್ಚಿ ಕ್ಲೀನ್ ಮಾಡಿಸಬೇಕು.

ಇನ್ನೊಂದು ನಮ್ಮೂರಿನದೇ ತೊಂದರೆ ಇದೆ. ತೋಟದ ಮನೆಯ ಹತ್ತಿರ ನಿಲ್ಲಿಸಿದ ಗಾಡಿಯ ಬೆಚ್ಚಗಿನ ಎಂಜಿನ್ ಮೇಲೆ ಇಲಿ ಬಂದು ಮಲಗುತ್ತದೆ, ಸೆನ್ಸರ್ ವೈರು ಕಡಿಯುತ್ತದೆ. ಅದೂ ಇದೇ ಲೈಟ್ ಹತ್ತಿಸುತ್ತದೆ. ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಲು ದುಡ್ಡು ಕೊಡಬೇಕಿಲ್ಲ, ಅಲ್ವಾ?

ಹಾಗಾದರೆ ಟರ್ಬೊನೇ ಹೋಗಿದೆ ಅಂತ ಗೊತ್ತಾಗುವುದು ಹೇಗೆ?

ಎಂಜಿನ್ ತಣ್ಣಗಾಗಿ ಆಫ್ ಇರುವಾಗ ಟರ್ಬೊ ಬಾಯಿಯ ಪೈಪು ಬಿಚ್ಚಿ ಶಾಫ್ಟ್ ಅಲುಗಿಸಿ ನೋಡಬೇಕು. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಸರಿ. ಹಿಂದೆ-ಮುಂದೆ ಅಲುಗಿದರೆ, ಅಥವಾ ರೆಕ್ಕೆ ಸುತ್ತಲಿನ ಗೋಡೆಗೆ ಉಜ್ಜಿದ ಗುರುತು ಇದ್ದರೆ ಹೋಗಿದೆ. ಆಂಬುಲೆನ್ಸ್ ಸೈರನ್ ಥರ ಏರುತ್ತಾ ಹೋಗುವ ಕೂಗು, ಬಿಸಿಯಾದ ಮೇಲೂ ನಿಲ್ಲದ ನೀಲಿ ಹೊಗೆ, ಬೇಗ ಬೇಗ ಕಡಿಮೆಯಾಗುವ ಆಯಿಲ್, ಈ ಮೂರೂ ಒಟ್ಟಿಗೆ ಬಂದರೆ ಅನುಮಾನ ಬೇಡ. ತಣ್ಣಗಿನ ಎಂಜಿನ್‌ನಲ್ಲಿ ಸಣ್ಣ ಶಿಳ್ಳೆ ಕೇಳುವುದು ಎಷ್ಟೋ ಗಾಡಿಗಳಲ್ಲಿ ಸಹಜ.

ಬೆಳಿಗ್ಗೆ ಬಿಳಿ ಹೊಗೆ ಬರುತ್ತದೆ. ಹೆದರಬೇಕಾ?

ಕಣ್ಣುರಿಸದೆ, ಎಂಜಿನ್ ಬಿಸಿಯಾದ ಮೇಲೆ ನಿಂತರೆ ಅದು ನೀರಾವಿ, ಹೆದರಬೇಡಿ. ನಿಲ್ಲದೆ, ಸಿಹಿ ವಾಸನೆ ಬಂದು, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಕೂಲೆಂಟ್ ಬದಲು ನೀರು ಹಾಕಿದರೆ ಏನಾಗುತ್ತದೆ?

ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ರೇಡಿಯೇಟರ್ ಕಡಿಮೆಯಾಯಿತು ಅಂದರೆ ಬೋರ್‌ವೆಲ್ ನೀರು ತುಂಬಿಬಿಡುತ್ತಾರೆ. ಇಲ್ಲಿನ ಆಳದ ನೀರು ಗಡಸು, ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಟರ್ಬೊ ತಣ್ಣಗಾಗಲೂ ಇದೇ ಕೂಲೆಂಟ್ ಹರಿಯಬೇಕು. ಇಷ್ಟು ಇಲ್ಲಿನ ನಷ್ಟ. ಅಂಥ ಗಾಡಿ ಲಡಾಖ್‌ನಲ್ಲಿ ರಾತ್ರಿ ನಿಂತರೆ ನೀರು ಮಂಜುಗಡ್ಡೆಯಾಗಿ ಹಿಗ್ಗಿ ರೇಡಿಯೇಟರ್ ಸೀಳುತ್ತದೆ, ಕೆಲವು ಸಲ ಎಂಜಿನ್ ಬ್ಲಾಕನ್ನೇ. ಗ್ಲೈಕಾಲ್ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧ ಅರ್ಧ ಇದ್ದರೆ ಮೈನಸ್ 35 ಡಿಗ್ರಿ ತನಕ ಭಯವಿಲ್ಲ. ಬರೀ ಕೂಲೆಂಟ್ ಹಾಕಿದರೆ ಇನ್ನೂ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ನೀರು ಬೆರೆಸದ ಗ್ಲೈಕಾಲ್ ಅದಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ. ರೆಡಿ ಮಿಕ್ಸ್ ಡಬ್ಬ ತಂದರೆ ಮಾತ್ರ ಹಾಗೇ ಹಾಕಿ.

ಇದರ ಜೊತೆಗೇ ಥರ್ಮೋಸ್ಟಾಟ್ ವಿಷಯ. ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದ ಕವಾಟ ಅದು. ಬಿಸಿಲು ನಾಡಿನಲ್ಲಿ ಬೇಡ ಅಂತ ಹಳೇ ಗಾಡಿಗಳಿಂದ ಅದನ್ನು ತೆಗೆದು ಎಸೆಯುವ ಅಭ್ಯಾಸ ಇದೆ. ತೆಗೆದ ಎಂಜಿನ್ ಚಳಿಯಲ್ಲಿ ಬಿಸಿಯಾಗುವುದೇ ಇಲ್ಲ. ಒಳಗಿನ ಹೀಟರ್ ಬಿಸಿ ಗಾಳಿ ಕೊಡುವುದಿಲ್ಲ, ಆಯಿಲ್‌ಗೆ ಇಂಧನ ಸೇರುತ್ತದೆ, ಡಿಪಿಎಫ್ ತನ್ನ ಮಸಿ ಸುಡುವುದಿಲ್ಲ. ಹೈವೇಯಲ್ಲಿ ಓಡುವಾಗಲೂ ಮುಳ್ಳು ಕೆಳಗೇ ಇದ್ದರೆ ಥರ್ಮೋಸ್ಟಾಟ್ ಇದೆಯಾ, ತೆರೆದೇ ಸಿಕ್ಕಿಕೊಂಡಿದೆಯಾ ಅಂತ ನೋಡಿಸಿ.

ಆಡ್‌ಬ್ಲೂ ಹೆಪ್ಪುಗಟ್ಟುತ್ತದಂತೆ?

ಹೌದು, ಕೆಲವು ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಈ ದ್ರವ ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಅದರ ಟ್ಯಾಂಕಿಗೆ ಹೀಟರ್ ಇರುತ್ತದೆ, ಎಂಜಿನ್ ಹತ್ತಿದ ಮೇಲೆ ತಾನೇ ಕರಗಿಸಿಕೊಳ್ಳುತ್ತದೆ. ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ಕಂಠಪೂರ್ತಿ ತುಂಬಬೇಡಿ. ಬಿಸಿನೀರು, ಉಪ್ಪು, ಏನನ್ನೂ ಅದಕ್ಕೆ ಬೆರೆಸಬೇಡಿ.

ಲಡಾಖ್‌ನ ಖರ್ದುಂಗ್ ಲಾ ಘಾಟಿ ಮೇಲೆ ಗಾಡಿ ಎಳೆಯಲೇ ಇಲ್ಲ. ಇದು ಚಳಿಯಿಂದಲಾ?

ಚಳಿಗಿಂತ ಎತ್ತರದಿಂದ. ತಣ್ಣಗಿನ ಗಾಳಿ ಸಾಂದ್ರವಾಗಿರುವುದರಿಂದ ಟರ್ಬೊಗೆ ಒಳ್ಳೆಯದೇ. ಆದರೆ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಖರ್ದುಂಗ್ ಲಾ ಸುಮಾರು 5,359 ಮೀಟರ್, ಅಲ್ಲಿ ಹೆಚ್ಚುಕಡಿಮೆ ಅರ್ಧ. ನಮ್ಮ ನಂದಿಬೆಟ್ಟದ ತುದಿ 1,478 ಮೀಟರ್ ಅಂದರೆ ಅಂದಾಜು ಸಿಗುತ್ತದೆ. ತೆಳುವಾದ ಗಾಳಿಯನ್ನು ಅಷ್ಟೇ ಒತ್ತಡಕ್ಕೆ ತರಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಅತಿ ವೇಗ ಆಗಬಾರದು ಅಂತ ಕಂಪ್ಯೂಟರ್ ತಾನೇ ಶಕ್ತಿ ಕಡಿಮೆ ಮಾಡುತ್ತದೆ. ಟರ್ಬೊ ಇಲ್ಲದ ಗಾಡಿ ಇದಕ್ಕಿಂತ ಜಾಸ್ತಿ ಒದ್ದಾಡುತ್ತದೆ. ಕೆಳ ಗೇರಿನಲ್ಲಿ ಹತ್ತಿ, ತುದಿ ತಲುಪಿದ ಮೇಲೆ ಒಂದು ನಿಮಿಷ ಸ್ಲೋದಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ.

ಮುಂದಿನ ಗ್ರಿಲ್‌ಗೆ ರಟ್ಟು ಕಟ್ಟಬಹುದಾ?

ಮೈನಸ್ 15ಕ್ಕಿಂತ ಕೆಳಗೆ, ಎಂಜಿನ್ ಬಿಸಿಯೇ ಆಗುತ್ತಿಲ್ಲ ಅಂದರೆ ಅರ್ಧ ಮಾತ್ರ ಮುಚ್ಚಿ. ಮುಳ್ಳಿನ ಮೇಲೆ ಕಣ್ಣಿರಲಿ. ಘಾಟಿ ಹತ್ತುವ ಮುಂಚೆ ತೆಗೆಯಿರಿ.

ರಾತ್ರಿ ಗಾಡಿ ಹೇಗೆ ನಿಲ್ಲಿಸಬೇಕು?

ಜನವರಿಯಲ್ಲಿ ರಸ್ತೆ ಮೂಲಕ ಹೋಗುವವರು ಹೆಚ್ಚಾಗಿ ಕಿನ್ನೌರ್ ಕಡೆಯಿಂದ ಸ್ಪಿತಿಗೆ ಹೋಗುತ್ತಾರೆ. ಅಲ್ಲಿ ರಾತ್ರಿ ಗಾಳಿಯೂ ಜೋರು. ಎಂಜಿನ್ ಭಾಗ ಗೋಡೆ ಕಡೆಗಿರಲಿ, ಬೆಳಗಿನ ಬಿಸಿಲು ಮೊದಲು ಬಾನೆಟ್ ಮೇಲೆ ಬೀಳುವ ಹಾಗಿದ್ದರೆ ಇನ್ನೂ ಒಳ್ಳೆಯದು. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಒದ್ದೆಯಾದ ಬ್ರೇಕ್ ಹಾಗೇ ಹೆಪ್ಪುಗಟ್ಟಿ ಚಕ್ರ ಹಿಡಿದುಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟ್ಯಾಂಕ್ ತುಂಬಿರಲಿ, ಖಾಲಿ ಜಾಗದಲ್ಲಿ ತೇವ ಕೂರುತ್ತದೆ.

ಎಂಜಿನ್ ಆನ್ ಇಟ್ಟು, ಹೀಟರ್ ಹಾಕಿಕೊಂಡು ಒಳಗೆ ಮಲಗಬೇಡಿ. ಸೈಲೆನ್ಸರ್ ಬಾಯಿಗೆ ಹಿಮ ತುಂಬಿದರೆ ವಿಷದ ಹೊಗೆ ಒಳಗೆ ಬರುತ್ತದೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಮನೆಯವರ ಜೊತೆ ಹೋಗುವವರು ಈ ಒಂದು ಮಾತನ್ನು ಮಕ್ಕಳಿಗೂ ಹೇಳಿಡಿ.

ಯಾವಾಗ ಒಂದು ಹೆಜ್ಜೆಯೂ ಓಡಿಸದೆ ಟೋ ಕರೆಯಬೇಕು?

ಕೆಂಪು ಆಯಿಲ್ ಲೈಟ್ ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ತಕ್ಷಣ ಆಫ್ ಮಾಡಿ. ಟರ್ಬೊ ಕಡೆಯಿಂದ ಕಬ್ಬಿಣ ಉಜ್ಜುವ ಸದ್ದು ಬಂದರೂ ಅಷ್ಟೇ. ಮುರಿದ ರೆಕ್ಕೆಯ ಚೂರು ಎಂಜಿನ್ ಒಳಗೆ ಹೋದರೆ ಕೆಲಸ ಟರ್ಬೊಗೆ ಮುಗಿಯುವುದಿಲ್ಲ.

ಡೀಸೆಲ್ ಗಾಡಿಯವರು ಇನ್ನೊಂದನ್ನು ತಿಳಿದಿರಬೇಕು. ಸೀಲ್ ಹೋಗಿ ಅಥವಾ ಬ್ರೀದರ್ ಮೂಲಕ ಆಯಿಲ್ ಜಾಸ್ತಿ ಒಳಗೆ ಹೋದರೆ ಎಂಜಿನ್ ತನ್ನ ಆಯಿಲ್ಲನ್ನೇ ಕುಡಿದು ಓಡಲು ಶುರುಮಾಡಬಹುದು. ಆರ್‌ಪಿಎಂ ತಾನಾಗಿ ಏರುತ್ತದೆ, ದಟ್ಟ ಹೊಗೆ ಬರುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಗೇರ್ ಗಾಡಿಯಾದರೆ ಬ್ರೇಕ್ ಪೂರ್ತಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟುಬಿಡಿ. ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಆಟೊಮ್ಯಾಟಿಕ್ ಆದರೆ ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಗಾಳಿ ಒಳಹೋಗುವ ಪೈಪು ಸುಲಭವಾಗಿ ಕೈಗೆಟುಕುವಂತಿದ್ದರೆ ಅದರ ಬಾಯಿಗೆ ಗಟ್ಟಿ ಹಲಗೆ ಅಡ್ಡ ಇಡಬಹುದು, ಕೈ ಅಡ್ಡ ಇಡಲೇಬಾರದು. ಎಟುಕದಿದ್ದರೆ ಬಿಟ್ಟು ದೂರ ನಿಲ್ಲಿ. ನಿಂತ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ನೋಡುವುದು ಬೇಡ, ಟೋ ಗಾಡಿಗೆ ಫೋನ್ ಮಾಡಿ.